ರಾಣಿಯ ಹೆಸರಿನ ಮೇಲೆ ಗೀರು

ಕಡೂರು ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಯಗಟಿಯ ಹೆಂಗಸಿನ ಕೊರಳಲ್ಲಿ ವಿಚಿತ್ರವಾದೊಂದು ನಾಣ್ಯ ತೂಗುತ್ತಿತ್ತು. ನಾಣ್ಯಗಳ ಹುಚ್ಚಿನ ನಾನು ಕೇಳಿದ್ದೇ ತಡ, ಬಿಚ್ಚಿ ಕೈಗಿಟ್ಟಳು.

"ನಮ್ಮೋರು ಮಹಾರಾಜರ ದಂಡಲ್ಲಿ ಸಮುದ್ರದಾಚೆ ಯುದ್ಧಕ್ಕೋಗಿ ಅಲ್ಲಿಂದ ಕಳಿಸಿದ್ದು ಕಣ್ರೀ. ಅವ್ರು ಬರ್ಲೇ ಇಲ್ಲ."

ಅವಳ ಗಂಡನಿಗೆ ಯಾರೋ ತವರದ ಬಿಲ್ಲೆ ಕೊಟ್ಟು ಮೋಸ ಮಾಡಿರಬೇಕೆಂದುಕೊಂಡು, ಅವಳನ್ನು ಕೇಳದೆಯೇ ಚಾಕುವಿನಿಂದ ಗೀರಿದೆ. ಅಪ್ಪಟ ಬೆಳ್ಳಿ! ಕೊಳೆ ಒರೆಸಿದರೆ, ಪುಸ್ತಕದಲ್ಲಷ್ಟೇ ನೋಡಿದ್ದ ಜಾರ್ಜಿಯಾ ದೇಶದ ಅಕ್ಷರಗಳು. ಶತಮಾನಗಳ ಹಿಂದೆ, ಶತ್ರುಗಳು ನುಗ್ಗಿದಾಗ ರಾಜಧಾನಿ ತೊರೆದು ಓಡಿದ ರಾಣಿಯ ಹೆಸರು ಅದು. ನನ್ನ ಗೀರು ಅದರ ಮೇಲೆಯೇ ಹಾದಿತ್ತು. ನಾಚಿಕೆಯಿಂದ ತಡವರಿಸುತ್ತ ಅವಳಿಗೆ ಎಲ್ಲ ಹೇಳಿದೆ.

"ಅಯ್ಯೋ, ಎಲ್ಲಿಗೆ ಹೋದ್ಲೋ ಪಾಪ," ಎಂದಳು. ಗೀರು ಬಿದ್ದ ಮುಖವನ್ನು ಎದೆಯ ಕಡೆಗೆ ತಿರುಗಿಸಿ, ನಾಣ್ಯವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡಳು.