ಈ ಲೈಟಿಂದ ಏನುಪಯೋಗ?

ಸಿಂಧಘಟ್ಟದ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಅಪ್ಪ ಎದ್ದು ನನ್ನ ಕಂಪ್ಯೂಟರಿನ ಸ್ವಿಚ್ಚು ಹಾಕಿದರು. ಅದರ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಫ್ಯಾನುಗಳು ಬಣ್ಣ ಬಣ್ಣವಾಗಿ ಬೆಳಗಿದವು.

“ಅಂಗ್ಡೀಲಿ ತಂದಿದ್ದಲ್ಲ ಕಣಣ್ಣ, ಬಿಡಿಭಾಗ ತರ್ಸ್ಕಂಡು ನಮ್ಮುಡ್ಗಿನೇ ಜೋಡ್ಸವ್ಳೆ” ಅಂದರು.

ಹುಡುಗನ ಸೋದರಮಾವ ಬಗ್ಗಿ ನೋಡಿ, “ಎಲ್ಲಾ ಸರಿ, ಈ ಲೈಟಿಂದ ಏನುಪಯೋಗ?” ಎಂದರು. ನಾನು ಜೋಡಿಸುವಾಗ ಅಪ್ಪ ದಿನವೂ ಗೊಣಗುತ್ತಿದ್ದುದು ಇದನ್ನೇ. ನನ್ನ ಮುಖ ಸಪ್ಪಗಾಯಿತು.

ಅಪ್ಪ ಮಾತ್ರ ತಡವರಿಸಲಿಲ್ಲ. “ಸಂಕ್ರಾಂತೀಲಿ ಎತ್ತಿನ ಕೊಂಬ್ಗೆ ಬಣ್ಣ ಬಳೀತೀವಲ್ಲ, ಅದ್ರಿಂದ ಎತ್ತು ಜಾಸ್ತಿ ಉಳ್ತದಾ? ನಮ್ಮೆತ್ತು ಅಂತ ಬಳೀತೀವಿ.”

ಆ ಸಂಬಂಧ ಕೂಡಿಬರಲಿಲ್ಲ. ಈಗಲೂ ಮನೆಗೆ ಯಾರೇ ಬಂದರೂ ಅಪ್ಪ ಮೊದಲು ಆ ಸ್ವಿಚ್ಚು ಹಾಕುತ್ತಾರೆ. ಕಾಫಿ ಆಮೇಲೆ.