ಹೆಬ್ಬಾವುಗಳ ಸೋದರಮಾವ
ನಮ್ಮ ಡೊಮಿನಿಕಾ ದ್ವೀಪದ ಅರಣ್ಯ ಕಾವಲುಗಾರ ಆಲ್ಸೀಡನಿಗೆ ಮೊಮ್ಮಕ್ಕಳ ಹೆಸರು ತಪ್ಪುತ್ತದೆ, ಯಾವ ಹೆಬ್ಬಾವು ಯಾವ ಹೊಳೆಯ ಕಡೆಯದೆಂಬುದು ಮಾತ್ರ ತಪ್ಪುವುದಿಲ್ಲ. ಸಿಕ್ಕ ಹಾವನ್ನೆಲ್ಲ ಅಳೆದು, ಹೊಟ್ಟೆಯ ಹುರುಪೆಯ ಚೂರೊಂದನ್ನು ತಳಿ ಪರೀಕ್ಷೆಗೆ ಕತ್ತರಿಸಿಕೊಂಡು, ಹಿಡಿದಲ್ಲೇ ಬಿಡುತ್ತಾನೆ. ಪರದೇಶದ ಪಂಡಿತರು ನಮ್ಮ ದ್ವೀಪದ ಹೆಬ್ಬಾವನ್ನು ಒಮ್ಮೆ ಕಡಲಾಚೆಯ ದೊಡ್ಡ ನಾಡಿನ ಹೆಬ್ಬಾವಿನ ಜಾತಿಗೇ ಸೇರಿಸಿದರು, ಇನ್ನೊಮ್ಮೆ ಬೇರೆಯೇ ಜಾತಿ ಎಂದರು. "ನಿಮ್ಮ ಜಗಳ ಮುಗಿಸ್ಕೊಂಡು ಬನ್ನಿ ಸ್ವಾಮಿ, ಅಷ್ಟರಲ್ಲಿ ಅದು ಇನ್ನೆರಡು ಇಲಿ ನುಂಗಿರುತ್ತೆ" ಎಂದ ಇವನು. ಯಾರಾದರೂ ಸಾಕಲು ಹೊರಗಿನ ಹೆಬ್ಬಾವು ತಂದರೋ, "ಕಂಡಕಂಡ ಊರಿನ ಅಳಿಯ ಬೇಡ, ನಮ್ಮ ಹುಡುಗೀರ ತಳಿ ಕೆಡುತ್ತೆ!" ಎಂದು ಬಂದರಿನಲ್ಲೇ ಅಡ್ಡ ನಿಲ್ಲುತ್ತಾನೆ. ಮಂಡಿ ಊದಿ ಕುಂಟುವ ಇವನಿಗೆ ರಮ್ ಅಂಗಡಿಯ ಮಾ ಲೂಸೆತ್, ಊರವರೆಲ್ಲ ಕೀಲುನೋವಿಗೆ ತಿಕ್ಕುವ, ಹೆಬ್ಬಾವಿನ ಕೊಬ್ಬು ಕಾಯಿಸಿ ತೆಗೆದ ಎಣ್ಣೆಯ ಶೀಸೆ ಚಾಚುತ್ತಾಳೆ: "ಹಚ್ಕೊಳೋ ಮಾರಾಯ, ನಿಮ್ಮವ್ವ ಕಾಯಿಸಿ ಮಾರ್ತಿದ್ದಳಲ್ಲ, ಅಂಥದ್ದೇ!" ಇವನು ಶೀಸೆ ಮುಟ್ಟದೆ ಕುಂಟುತ್ತ ಕಾಡಿಗೆ ಹೊರಡುತ್ತಾನೆ. ಪ್ರತಿ ಹಾವನ್ನು ಬಿಡುವಾಗಲೂ ಬಗ್ಗಿ ಏನೋ ಪಿಸುಗುಟ್ಟುತ್ತಾನೆ, ಮಂತ್ರವಿರಬೇಕೆಂದು ನಗುತ್ತಿದ್ದೆ. ಮೊನ್ನೆ ಪಕ್ಕದಲ್ಲೇ ಇದ್ದೆ, ಕೇಳಿಸಿತು: "ನಮ್ಮವ್ವನ ಮೇಲೆ ಸಿಟ್ಟಿಟ್ಕೋಬೇಡ ಕಣಮ್ಮ, ನನ್ನ ಓದಿಸೋಕೆ ಅಂತ ನಿಮ್ಮೋರನ್ನ ಕಾಯಿಸಿದ್ಲು."