ಆಕ್ಸಲ್ ಮೇಲಿನ ಅಚ್ಚು ಓದುವ ಕ್ಯಾಸ್

ಬೆಳಗಿನ ಆರು ಗಂಟೆ. ಡೆಟ್ರಾಯಿಟ್ ಮಗ್ಗುಲಿನ ಹ್ಯಾಮ್‌ಟ್ರಾಮಿಕ್‌ನ ಡುವೇನ್ ಗ್ಯಾರೇಜಿನಲ್ಲಿ ಹಸಿರು ಷೆವೆಲ್ ಕಾರೊಂದರ ಹಿಂಬದಿ ಮೇಲೆದ್ದಿದೆ. ಅದರ ಕೆಳಗಿನಿಂದ ಎರಡು ಬೂಟುಗಳಷ್ಟೇ ಕಾಣುತ್ತಿವೆ. ಬೂಟುಗಳು ಕ್ಯಾಸಿಮಿರ್ ನೊವಿಟ್ಸ್ಕಿ ಅವರವು, ಊರಿಗೆಲ್ಲ ಕ್ಯಾಸ್. ವಯಸ್ಸು ಎಪ್ಪತ್ತಾರು. ಬೆನ್ನುನೋವನ್ನು ಲೆಕ್ಕಿಸದೆ ಸಿಮೆಂಟು ನೆಲದ ಮೇಲೆ ರಟ್ಟು ಹಾಸಿಕೊಂಡು ಮಲಗಿದ್ದಾರೆ.

"ಏನ್ ತಾತ, ಅಲ್ಲೇ ನಿದ್ದೆ ಹೊಡೀತಿದ್ದೀಯಾ?" ಗ್ಯಾರೇಜಿನ ಯಜಮಾನ ಡುವೇನ್ ಕೆಣಕುತ್ತಾನೆ.

"ನಿನ್ನ ಕಾಫಿ ಕುಡಿದೋರಿಗೆ ನಿದ್ದೆ ಎಲ್ಲಿಂದ ಬರತ್ತಯ್ಯಾ!" ಕೆಳಗಿನಿಂದ ಉತ್ತರ ಬರುತ್ತದೆ.

ಮಸಲ್ ಕಾರುಗಳೆಂದರೆ ದೊಡ್ಡ ಎಂಜಿನ್ನಿನ, ಆ ಕಾಲದ ಹುಡುಗರ ತಲೆ ಕೆಡಿಸಿದ ಗಾಡಿಗಳು. ಅವುಗಳ ಹಿಂದಿನ ಆಕ್ಸಲ್, ಅಂದರೆ ಎರಡು ಹಿಂಚಕ್ರಗಳನ್ನು ಕೂಡಿಸುವ ಕಬ್ಬಿಣದ ಕೊಳವೆಯ ಮೇಲೆ ಕಾರ್ಖಾನೆಯವರು ಹೊಡೆದ ಅಚ್ಚನ್ನು ಹುಡುಕಿ ಓದುವುದು ಕ್ಯಾಸ್ ಕೆಲಸ. ಬಲಗಡೆಯ ಕೊಳವೆಯ ಮುಂಭಾಗದಲ್ಲಿ, ಗಿಯರ್ ಇರುವ ನಡುವಿನ ಉಬ್ಬಿನಿಂದ ನಾಲ್ಕು ಬೆರಳು ಆಚೆಗೆ ಪುಟ್ಟ ಅಕ್ಷರಗಳಿರುತ್ತವೆ. ಮೊದಲ ಮೂರು ಗಿಯರ್ ಯಾವುದೆಂದು ಹೇಳುತ್ತವೆ, ಮುಂದಿನದು ಯಾವ ಕಾರ್ಖಾನೆ ಎಂದು. ಆಮೇಲೆ ವರ್ಷದ ಎಷ್ಟನೇ ದಿನ, ಯಾವ ಪಾಳಿ. ಕಾರು ಕಟ್ಟಿದ ದಿನಕ್ಕೆ ಇದು ಹೊಂದಿದರೆ ಆಕ್ಸಲ್ ಮೂಲದ್ದು, ಇಲ್ಲದಿದ್ದರೆ ಆಮೇಲೆ ಹಾಕಿದ್ದು. ಐವತ್ತೈದು ವರ್ಷದ ತುಕ್ಕು, ಗ್ರೀಸು, ಹಿಮ ಕರಗಲೆಂದು ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನ ಅಡಿಯಲ್ಲಿ ಇಷ್ಟೂ ಅಡಗಿರುತ್ತದೆ.

"ತಾಳ್ಮೆ ಇಲ್ದೋರು ತಂತಿ ಚಕ್ರ ಹಾಕಿ ಉಜ್ಜಿಬಿಡ್ತಾರೆ. ಫಳಫಳ ಹೊಳೆಯತ್ತೆ. ಅಚ್ಚೂ ಹೋಗಿರತ್ತೆ," ಎನ್ನುತ್ತಾರೆ ಕ್ಯಾಸ್. ಅವರ ಬಳಿ ಇರುವುದು ಹಳೆಯ ಹಲ್ಲುಜ್ಜುವ ಬ್ರಷ್, ಸೀಮೆಎಣ್ಣೆ, ಓರೆಯಾಗಿ ಹಿಡಿಯಲು ಒಂದು ಟಾರ್ಚು. ಕೊನೆಗೆ ತೆಳು ಕಾಗದ ಒತ್ತಿ, ಪೆನ್ಸಿಲ್ಲಿನಿಂದ ತೀಡಿ ಅಕ್ಷರ ಇಳಿಸಿಕೊಳ್ಳುತ್ತಾರೆ. ಒಂದು ಗಾಡಿಗೆ ಎರಡು ಗಂಟೆ, ವಾರಕ್ಕೆ ಮೂರು ಗಾಡಿ. ನಿವೃತ್ತಿಯ ನಂತರದ ಹದಿನಾರು ವರ್ಷಗಳಲ್ಲಿ ಎರಡು ಸಾವಿರದ ಮುನ್ನೂರು ಆಕ್ಸಲ್ಲುಗಳು ಅವರ ಪುಸ್ತಕ ಸೇರಿವೆ. ಕೂಲಿ ಕೇಳುವುದಿಲ್ಲ. ಜಾಮು ತುಂಬಿ ಕರಿದ ಬನ್ನು, ಪೊಂಚ್ಕಿ, ಒಂದು ಡಬ್ಬಿ ತಂದರಾಯಿತು. ಅದೂ ಕ್ಯಾಸ್‌ಗಿರುವ ಸಕ್ಕರೆ ಕಾಯಿಲೆಯ ದೆಸೆಯಿಂದ ಡುವೇನ್ ಹೊಟ್ಟೆ ಸೇರುತ್ತದೆ.

ಇಪ್ಪತ್ತಕ್ಕೆ ಡೆಟ್ರಾಯಿಟ್‌ನ ಆಕ್ಸಲ್ ಕಾರ್ಖಾನೆ ಸೇರಿದವರು ಅರವತ್ತರವರೆಗೂ ಅಲ್ಲೇ ದುಡಿದರು. ನಡುವೆ ಎರಡು ಸಲ ಕೆಲಸ ಹೋಯಿತು. ಒಂದು ಚಳಿಗಾಲವಿಡೀ ಊರವರ ಬಾಗಿಲ ಹಿಮ ಗೋರಿ ಸಂಸಾರ ನಡೆಸಿದರು. ಪಾಳಿ ಬಿಡುವ ಸೈರನ್ ಕೇಳಿದೊಡನೆ ಬೀದಿಯ ಹೆಂಗಸರು ಆಲೂಗಡ್ಡೆಯನ್ನು ಒಲೆಗೇರಿಸುತ್ತಿದ್ದ ಕಾಲವದು. ಈಗ ಕಾರ್ಖಾನೆಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ. ಇಪ್ಪತ್ತು ವರ್ಷದಿಂದ ಇದೇ ಬೀದಿಯಲ್ಲಿರುವ ನಾನೂ ಆ ಬಯಲು ದಾಟುವಾಗ ನಡಿಗೆ ನಿಧಾನಿಸುತ್ತೇನೆ.

ಕ್ಯಾಸ್‌ಗೆ ಒಂದು ಹಟವಿದೆ. ಅಚ್ಚು ಓದುವ ಮೊದಲು ಗಾಡಿಯವರ ಕತೆ ಕೇಳುವುದಿಲ್ಲ. "ಕತೆ ಕೇಳಿದ್ರೆ ಕಣ್ಣು ಆ ಕತೇನೇ ನೋಡತ್ತೆ. ಮೂರು ಇದ್ದದ್ದು ಎಂಟಾಗತ್ತೆ. ಮೊದಲು ಕಬ್ಬಿಣ ಹೇಳ್ಲಿ."

ಹಾಗಾಗಿ ಇವತ್ತಿನ ಗಾಡಿ ತಂದ ಮಾರ್ವಾ ಡಿಲಾರ್ಡ್ ತಮ್ಮ ಕತೆಯನ್ನು ಅಂಗಳದಲ್ಲಿ ನನಗೇ ಹೇಳುತ್ತಾರೆ. ಅವರಿಗೆ ಎಪ್ಪತ್ತೈದು. ಗಂಡ ಲೆಸ್ಟರ್ ಪ್ರಾಣದಂತೆ ಇಟ್ಟುಕೊಂಡಿದ್ದ ಷೆವೆಲ್ಲನ್ನು ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಕೆಲಸ ಹೋದಾಗ ಮಾರಿದ್ದ. ಹೋದ ವರ್ಷ ಅವನೂ ತೀರಿಕೊಂಡ. ಈಗ ಒಹಾಯೊದ ಕೊಟ್ಟಿಗೆಯೊಂದರಲ್ಲಿ ಈ ಗಾಡಿ ಸಿಕ್ಕಿದೆ. ಕಾಗದಪತ್ರ ಇಲ್ಲ, ಎಂಜಿನ್ ಬೇರೆ, ಬಣ್ಣ ಎರಡು ಸಲ ಬದಲಾಗಿದೆ.

"ಅವನದಾದ್ರೆ ಇಟ್ಕೋತೀನಿ. ಅಲ್ಲದಿದ್ರೆ ಮಧ್ಯಾಹ್ನದೊಳಗೆ ವಾಪಸ್. ಇನ್ಯಾರದೋ ಗಂಡನ ಗಾಡಿ ಕಟ್ಕೊಂಡು ನಾನೇನ್ ಮಾಡ್ಲಿ?" ನಗಲು ನೋಡುತ್ತಾರೆ, ಆಗುವುದಿಲ್ಲ.

ಎಂಟಕ್ಕೆ ಕ್ಯಾಸ್ ಹೊರಗೆ ಬರುತ್ತಾರೆ. ಕೈಯಲ್ಲಿ ಪೆನ್ಸಿಲ್ ತೀಡಿದ ಕಾಗದ. "ಬೇಜಾರ್ ಮಾಡ್ಕೋಬೇಡಿ ಕಣಮ್ಮಾ. ಗಾಡಿ ಮೈ ಕಟ್ಟಿದ್ದು ಎಪ್ಪತ್ತರ ಏಪ್ರಿಲ್‌ನಲ್ಲಿ, ಎಂಜಿನ್ ಹಿಂದಿನ ತಗಡಿನಲ್ಲಿದೆ. ಆಕ್ಸಲ್ ಆಗಿದ್ದು ನೂರ ತೊಂಬತ್ತಾರನೇ ದಿನ. ಅಂದ್ರೆ ಜುಲೈ ಹದಿನೈದು. ಇದರ ಜೊತೆ ಬಂದಿದ್ದಲ್ಲ ಇದು."

ಡುವೇನ್ ಕೂಡ ತಲೆ ತಗ್ಗಿಸಿ ನಿಲ್ಲುತ್ತಾನೆ. ಮಾರ್ವಾ ಮಾತ್ರ ಕುರ್ಚಿಯ ತುದಿಗೆ ಜರುಗಿ ಕೇಳುತ್ತಾರೆ: "ಗಿಯರ್? ಸೋಮಾರಿ ಗಿಯರಾ ಅದು?"

ಕ್ಯಾಸ್ ಕಾಗದ ನೋಡುತ್ತಾರೆ. ಮೊದಲ ಮೂರು ಅಕ್ಷರಗಳನ್ನು ಅವರಿನ್ನೂ ಬಾಯಿಬಿಟ್ಟು ಹೇಳಿಲ್ಲ. "ಹೌದು. ನಿಮಗೆ ಹೇಗ್ ಗೊತ್ತಾಯ್ತು?"

"ಆ ಸೆಪ್ಟೆಂಬರಲ್ಲಿ ನನ್ನ ಗಂಡ ಲೆಸ್ಟರ್ ವುಡ್‌ವರ್ಡ್ ರಸ್ತೇಲಿ ಪಂದ್ಯ ಕಟ್ಟಿ ಆಕ್ಸಲ್ ಮುರ್ಕೊಂಡ ಕಣಯ್ಯಾ! ನಮ್ಮಣ್ಣ ಹ್ಯಾರಲ್ಡ್ ಆಗಸ್ಟಲ್ಲಿ ಹೊಸ ಷೆವೆಲ್ ತಗೊಂಡು ತಿಂಗಳೊಳಗೆ ಕಂಬಕ್ಕೆ ಗುದ್ದಿದ್ದ. ಅದರದ್ದೇ ಬಿಚ್ಚಿ ಲೆಸ್ಟರ್ ಇದಕ್ಕೆ ಹಾಕ್ಕೊಂಡ. ಹೆದ್ದಾರೀಲಿ ಚೆನ್ನಾಗಿತ್ತು, ಪಂದ್ಯಕ್ಕೆ ನಿಂತ್ರೆ ಆಮೆ. ನಾಲ್ಕು ವರ್ಷ ಒಂದೂ ಗೆಲ್ಲಲಿಲ್ಲ. ಸೋತು ಬಂದಾಗೆಲ್ಲ ನಮ್ಮಣ್ಣನಿಗೆ ಬೈಗುಳ!" ಈಗ ಅವರು ನಗುತ್ತಿದ್ದಾರೆ, ಕೆನ್ನೆ ಪೂರ್ತಿ ಒದ್ದೆ.

ಪಂದ್ಯದ ಗಾಡಿಗೆ ಬೇಕೆಂದೇ ಸೋಮಾರಿ ಗಿಯರ್ ಹಾಕುವವರಿಲ್ಲ. ಮೋಸಕ್ಕೆ ಅಚ್ಚು ಹೊಡೆಯುವವನಂತೂ ಚುರುಕಾದದ್ದನ್ನೇ ಹೊಡೆಯುತ್ತಾನೆ. ಕ್ಯಾಸ್ ಪುಸ್ತಕ ತೆರೆದು, ಎಷ್ಟೋ ಜನರ ಮುಖ ಬಾಡಿಸಿದ 'ಮೂಲದ್ದಲ್ಲ' ಎಂಬ ಮಾತನ್ನು ಎಂದಿನಂತೆ ಬರೆಯುತ್ತಾರೆ. ಇವತ್ತು ಅದರ ಕೆಳಗೆ ಇನ್ನೊಂದು ಸಾಲು ಸೇರುತ್ತದೆ: 'ಗಾಡಿ ಲೆಸ್ಟರ್ ಡಿಲಾರ್ಡ್ ಅವರದೇ.'

ಮಾರ್ವಾ ತಾವೇ ಗಾಡಿ ಓಡಿಸಿಕೊಂಡು ಹೊರಡುತ್ತಾರೆ. ಅದು ಬೀದಿಯ ತಿರುವು ದಾಟುವವರೆಗೂ ಕ್ಯಾಸ್ ನೋಡುತ್ತಾ ನಿಲ್ಲುತ್ತಾರೆ. ಕೈಯೊರೆಸಿಕೊಳ್ಳುತ್ತಾ, ಡುವೇನ್‌ಗೆ ಕೇಳಿಸದಂತೆ ನನಗೆ ಹೇಳುತ್ತಾರೆ:

"ಆ ಅಚ್ಚು ನಮ್ಮ ಕಾರ್ಖಾನೇದು, ಹಗಲು ಪಾಳೀದು. ಆ ಜುಲೈ ಪೂರ್ತಿ ಹಗಲು ಪಾಳೀಲಿ ಅಚ್ಚು ಹೊಡೀತಿದ್ದೋನು ನಾನೇ. ಆಯಮ್ಮನಿಗೆ ಹೇಳಲಿಲ್ಲ. ಇವತ್ತು ಅದು ಲೆಸ್ಟರ್ ಗಾಡಿ."